ಗೇಣುದ್ದದ ಅಕ್ಷರ

"ಯಾವತ್ತು ಅಂತ ಹೇಳಿಬಿಡಪ್ಪಾ, ನಾನು ರಜೆ ಹಾಕಬೇಕು," ಎನ್ನುತ್ತ ಮಗಳು ಊಟದ ಮೇಜಿನ ಮೇಲೆ ನಕ್ಷೆ ಹರಡಿದಳು. ಬೆಟ್ಟದ ರಾಷ್ಟ್ರೀಯ ಉದ್ಯಾನಕ್ಕೆ ಕಾರಿನಲ್ಲಿ ಎರಡು ದಿನದ ಪ್ರಯಾಣ, ಓಡಿಸುವವಳು ಅವಳೇ. ಅಮ್ಮನ ಕಣ್ಣು ಕಾಣುವುದು ಇನ್ನು ಮೂರೋ ನಾಲ್ಕೋ ತಿಂಗಳಷ್ಟೇ ಎಂದು ಡಾಕ್ಟರು ಹೇಳಿ ವಾರವಾಗಿತ್ತು. ಅಮ್ಮ ಕೇಳಿದ್ದು ಇದೊಂದನ್ನೇ.

ಅಪ್ಪ ರಸ್ತೆ ಇಲಾಖೆಯ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಬೋರ್ಡು ಬರೆದವರು. ಆ ಬೆಟ್ಟದ ದಾರಿಯ ಬೋರ್ಡುಗಳೆಲ್ಲ ಅವರ ಕುಂಚದವೇ, ಅವರಿಗೆ ಬಾಯಿಪಾಠ. ಬೆಟ್ಟವನ್ನು ಮಾತ್ರ ಕಂಡಿರಲಿಲ್ಲ. ಬರೆದು, ಒಣಗಿಸಿ, ಲಾರಿಗೆ ಹತ್ತಿಸಿದರೆ ಅವರ ಕೆಲಸ ಮುಗಿಯುತ್ತಿತ್ತು.

ಪೆನ್ಸಿಲ್ ಹಿಡಿದು ನಕ್ಷೆಯ ಮೇಲೆ ಗುರುತು ಹಾಕುತ್ತ ಹೋದರು. "ಹನ್ನೆರಡನೇ ಕಿಲೋಮೀಟರಿಗೆ ಕಲ್ಲು ಬೀಳುತ್ತೆ. ಹದಿನೇಳಕ್ಕೆ ಜಾರುವ ರಸ್ತೆ. ಇಪ್ಪತ್ತೆರಡರಿಂದ ಸಾಲಾಗಿ ಒಂಬತ್ತು ತಿರುವು. ಮೂವತ್ತರಲ್ಲಿ ಪ್ರಪಾತ. ಅದಕ್ಕೆ ಎರಡು ಸಲ ಬೋರ್ಡು ಬರೆಸಿದ್ರು, ಮೊದಲನೇದನ್ನ ಯಾವನೋ ಗುದ್ದಿ ಬೀಳಿಸಿದ್ದ."

"ಇದೇನಪ್ಪಾ, ಪ್ರವಾಸವೋ ಯುದ್ಧವೋ?" ಮಗಳು ನಕ್ಕಳು. ಅಪ್ಪ ನಗಲಿಲ್ಲ.

"ಮಳೆ ಕಳೀಲಿ. ಆಮೇಲೆ ನೋಡೋಣ."

ಮದುವೆಯಾದಾಗಿನಿಂದ ಇದೇ ಮಾತು. ಮಳೆ ಇಲ್ಲದಾಗ ಮಂಜು, ಮಂಜು ಇಲ್ಲದಾಗ ಬಿಸಿಲು, ಒಂದಲ್ಲ ಒಂದು ನೆಪ. ಪಾಪ, ಸೋಮಾರಿತನವಲ್ಲ, ಅವರಿಗೆ ಭಯವಿತ್ತು. ಮೂವತ್ತೊಂದು ವರ್ಷ 'ಎಚ್ಚರಿಕೆ' ಎಂದು ಬರೆದವನ ಎದೆಯೊಳಕ್ಕೆ ಆ ಮಾತು ಇಳಿಯದೆ ಇದ್ದೀತೇ?

"ಒಳ್ಳೇ ಬೋರ್ಡು ಒಂದೂ ಬರೆದಿಲ್ವಾ?" ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಅಮ್ಮ ಕೇಳಿದರು.

"ನಲವತ್ತೆರಡಕ್ಕೆ ಒಂದಿದೆ. 'ಇಲ್ಲಿ ನಿಂತು ನೋಡಿ' ಅಂತ."

"ಅಲ್ಲಿ ಏನು ಕಾಣುತ್ತೆ?"

"ನನಗೇನು ಗೊತ್ತು? ಬರೀ ಅಂದ್ರು, ಬರೆದೆ." ಅಪ್ಪನ ದನಿ ತಗ್ಗಿತು. "ಇಷ್ಟೆಲ್ಲ ಗೊತ್ತಿದ್ದೂ ನಿಮ್ಮಿಬ್ಬರನ್ನ ಆ ದಾರೀಲಿ ಹೇಗೆ ಕರ್ಕೊಂಡು ಹೋಗಲಿ?"

ಅಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ನನಗೆ ಬೋರ್ಡು ಓದೋಕೆ ಈಗಲೇ ಆಗಲ್ಲ ರೀ. ಬೆಟ್ಟ ದೊಡ್ಡದಲ್ವಾ, ಅದು ಇನ್ನೂ ಕಾಣುತ್ತೆ."

ಅಪ್ಪನಿಗೆ ನಾಚಿಕೆಯಾಯಿತು. ಎದ್ದು ಹೋಗಿ ಹಳೆಯ ಕುಂಚ, ಕಪ್ಪು ಬಣ್ಣದ ಡಬ್ಬಿ ತಂದರು. ಗುರುತುಗಳಿಂದ ತುಂಬಿದ್ದ ನಕ್ಷೆಯನ್ನು ಮಗುಚಿ ಹಾಕಿ, ಓಡುವ ಗಾಡಿಯವರಿಗೂ ಕಾಣಲೆಂದು ಶೆಡ್ಡಿನಲ್ಲಿ ಬರೆಯುತ್ತಿದ್ದ ಹಾಗೆಯೇ, ಒಂದೊಂದು ಅಕ್ಷರವನ್ನೂ ಗೇಣುದ್ದ ಬರೆದರು. ಕಡೆಯ ಅಕ್ಷರ ಕಾಗದ ಸಾಲದೆ ಮೇಜಿನ ಮೇಲೂ ಒಂದಿಷ್ಟು ಹರಿಯಿತು. ಒಣಗುವವರೆಗೂ ಕಾಯದೆ ಹಾಳೆಯನ್ನು ಎತ್ತಿ ಹಿಡಿದರು.

ಅಮ್ಮ ಬಾಗಿಲಿನಿಂದಲೇ, ಕನ್ನಡಕವಿಲ್ಲದೆ, ಒಂದೊಂದಾಗಿ ಕೂಡಿಸಿ ಓದಿದರು: "ಶು... ಕ್ರ... ವಾ... ರ."