ವೈದ್ಯರ ಚೀಟಿ

ಹುಬ್ಬಳ್ಳಿಯ ಒಂದು ಕಾಲ್ ಸೆಂಟರಿನಲ್ಲಿ ನೀಲಾ ಹೂಗಾರ ಐದು ವರ್ಷದಿಂದ ದುಡಿಯುತ್ತಿದ್ದಳು. ದಿನಕ್ಕೆ ಒಂಬತ್ತು ತಾಸು ಎಡಗಿವಿಗೆ ಹೆಡ್‌ಸೆಟ್, ಅದರೊಳಗೆ ಯಾರ್ಯಾರದೋ ಬೈಗುಳ. ಈಗ ಆ ಕಿವಿ ಕೇಳಿಸುತ್ತಿರಲಿಲ್ಲ. ಚಿಕಿತ್ಸೆಯ ಖರ್ಚನ್ನು ಕಂಪನಿಯೇ ಕೊಡಬೇಕೆಂದು ಕೇಳಲು ವೈದ್ಯರ ಚೀಟಿ ಹಿಡಿದು ಮ್ಯಾನೇಜರ್ ಸಂಗಮೇಶನ ಕೋಣೆಗೆ ಹೋದಳು.

ಅವನು ಚೀಟಿಯನ್ನು ಓದದೆಯೇ ತನ್ನ ಎಡಪಕ್ಕಕ್ಕೆ ಸರಿಸಿದ. "ನಮ್ಮ ಹೆಡ್‌ಸೆಟ್‌ನಿಂದನ ಹಿಂಗಾಗೇತಿ ಅನ್ನಾಕ ಏನ್ ಪುರಾವೆ ಐತಿ?"

"ಕೆಲಸಕ್ಕ ಸೇರೂ ಮುಂದ ಕಿವಿ ಸರಿ ಇತ್ರಿ ಸರ್. ನೀವ ಟೆಸ್ಟ್ ಮಾಡ್ಸಿದ್ರಿ."

"ಮನ್ಯಾಗ ಹಾಡು ಕೇಳಿ ಕೆಡಿಸ್ಕೊಂಡಿರ್ತೀರಿ. ನಾನೂ ಒಂಬತ್ತು ವರ್ಷ ಅದ ಕುರ್ಚಿಮ್ಯಾಲ ಕುಂತೇನಿ, ನನಗೇನಾತು? ಕೆಲಸ ತಪ್ಪಸಾಕ ನೆಪ ಹುಡುಕ್ತೀರಿ. ಬ್ಯಾಡಾದ್ರ ರಾಜೀನಾಮೆ ಬರದು ಹೋಗ್ರಿ. ಹೊರಗ ಇಪ್ಪತ್ತು ಮಂದಿ ಕಾಯಾಕತ್ತಾರ."

ಮಾತು ಮುಗಿಯಿತೆಂಬಂತೆ ಅವನು ಕಂಪ್ಯೂಟರಿನತ್ತ ತಿರುಗಿದ. ನೀಲಾಳಿಗೆ ಮೈಯೆಲ್ಲ ಉರಿಯಿತು. ಚೀಟಿ ಎತ್ತಿಕೊಳ್ಳಲು ಮೇಜನ್ನು ಸುತ್ತಿಕೊಂಡು ಅವನ ಎಡಪಕ್ಕಕ್ಕೆ ಬಂದಳು.

"ನಾಳೆ ಕಾರ್ಮಿಕ ಇಲಾಖೆಗೆ ಹೋಗಿ ನಿಮ್ಮ ಮ್ಯಾಲ ದೂರು ಕೊಡ್ತೇನ್ರಿ," ಎಂದಳು.

ಅವನು ಟೈಪ್ ಮಾಡುತ್ತಲೇ ಇದ್ದ. ಅವಳು ಅದನ್ನೇ ಇನ್ನಷ್ಟು ಜೋರಾಗಿ ಹೇಳಿದಳು. ಆಗಲೂ ಅವನ ಬೆರಳು ನಿಲ್ಲಲಿಲ್ಲ. ಈ ತಾತ್ಸಾರ ತಡೆಯಲಾಗದೆ ಅವಳು ಮೇಜಿನ ಮೇಲೆ ಬಲವಾಗಿ ಕೈ ಬಡಿದಳು.

ಸಂಗಮೇಶ ಬೆಚ್ಚಿ ತಿರುಗಿದ. "ಇನ್ನೂ ಇಲ್ಲೇ ಅದೀರೇನು? ಏನರ ಹೇಳೂದಿದ್ರ ಈ ಕಡೆ ಬಂದು ಹೇಳ್ರಿ," ಎಂದು ತನ್ನ ಬಲಗಿವಿಯನ್ನು ತೋರಿಸಿದ.