ನಾಲ್ಕನೇ ಸ್ಥಾನದ ಬಿಸಿ

ಹಿಮಯುಗ ಬಂದು ಹೆಪ್ಪುಗಟ್ಟಿದ ತುಂಗಭದ್ರೆಯ ಮೇಲೆ ಮಗ ಅಮರೇಶನ ಮೊಣಕಾಲು ಮೊದಲ ಸಲ ಮುರಿದಾಗ ಮಾತು ಕೊಟ್ಟಿದ್ದೆ: "ನಿಮ್ಮ ಶಾಲಿ ಮೊದಲ ನಾಲ್ಕರೊಳಗ ಬರ್ಲಿ, ಈ ಐಸ್ ಹಾಕಿ ಆಟ ಬಿಡಿಸ್ತೀನಿ."

ಇವತ್ತು ಬೆಳಿಗ್ಗೆ ಶಾಲೆಗಳ ಐಸ್ ಹಾಕಿ ಪಂದ್ಯಾವಳಿಯ ಅರ್ಧದವರೆಗಿನ ರ‍್ಯಾಂಕ್ ಬಂತು. ನಾವು ನಾಲ್ಕನೆಯವರು. ಮೊದಲ ನಾಲ್ಕು ಶಾಲೆಗಳ ಓಣಿಗಳಿಗಷ್ಟೇ ಮನೆ ಬೆಚ್ಚಗಿಡಲು ಗೋಡೆಯ ಕೊಳವೆಗಳಲ್ಲಿ ಬಿಸಿನೀರು ಬಿಡುತ್ತಾರೆ. ಪಕ್ಕದ ಮನೆಯ ಈರಮ್ಮ ಬಾಣಂತಿ ಮಗಳನ್ನೂ ಕೂಸನ್ನೂ ಕೊಳವೆಯ ಮಗ್ಗುಲಿಗೆ ಮಲಗಿಸಿ, ಅಮರೇಶನ ಸ್ಕೇಟಿಗೆ ಕುಂಕುಮ ಹಚ್ಚಲು ಬಂದಳು.

"ಅವ್ವಾ, ನಾಲ್ಕನೇ ನಂಬರ ಬಂತಲ್ಲ. ಇನ್ನ ಸಾಕು," ಎಂದ ಅವನು, ಊದಿದ ಮೊಣಕಾಲು ಒತ್ತಿಕೊಳ್ಳುತ್ತಾ.

"ಗೋಲ್ ಕಾಯಾಂವ ನೀನ ಬಿಟ್ರ ಐದಕ್ಕ ಇಳೀತೀವೋ ಯಪ್ಪಾ," ಎಂದಳು ಈರಮ್ಮ. "ಕೂಸಿಗೆ ಇನ್ನಾ ಹೆಸರ ಇಟ್ಟಿಲ್ಲ."

ಅವನು ನನ್ನ ಮುಖ ನೋಡಿದ. ನಾನು ಕೆಳಗೆ ಕುಳಿತು, ಸಂಜೆಯ ಪಂದ್ಯಕ್ಕೆ ಅವನ ಸ್ಕೇಟಿನ ಲೇಸು ಬಿಗಿದೆ. ಕೊಟ್ಟ ಮಾತಿಗೆ ತಪ್ಪಿದೆ.