ಟವಲಿನಡಿಯ ದರ

ಸಂದರ್ಶನ ಮುಗಿದ ಮೇಲೆ ಗೌರವಕ್ಕೆಂದು ತಂದ ಸೊಲ್ಲಾಪುರದ ಹೊಸ ಟವಲು ವೇದಾಂತನ ಹೆಗಲಿಗೇರಲಿಲ್ಲ. ಕಾಲೇಜು ನಡೆಸುವ ಅಣ್ಣಾರಾಯರು ಅದನ್ನು ಅವನ ಬಲಗೈ ಮೇಲೆ ಹೊದಿಸಿ, ಒಳಗೆ ತಮ್ಮ ಕೈ ತೂರಿಸಿ ಬೆರಳು ಹಿಡಿದರು. ಅಕ್ಕಲಕೋಟೆಯ ಕುರಿ ಬಾಜಾರಿನಲ್ಲಿ ದಲಾಲರು ಹೀಗೆಯೇ ಬೆರಳು ಅಮುಕಿ, ಪಕ್ಕದವನಿಗೂ ತಿಳಿಯದಂತೆ ದರ ಹೇಳುತ್ತಾರೆ. ಆ ಗುಟ್ಟೇ ಸ್ಪರ್ಧೆಯನ್ನು ಕೊಲ್ಲುತ್ತದೆ ಎಂದು ಬರೆದು ವೇದಾಂತ ಡಾಕ್ಟರೇಟ್ ಪಡೆದಿದ್ದ.

"ಅರ್ಥಶಾಸ್ತ್ರಕ್ಕ ಜಾಗಾ ಒಂದ ಐತ್ರಿ ಸರ. ಮತ್ತೊಬ್ಬಾಕಿ ಹೊರಗ ಕುಂತಾಳ," ಎಂದು ಅಣ್ಣಾರಾಯರು ನಕ್ಕರು. "ನಿಮ್ಮ ಪ್ರಬಂಧ ಓದಿಸಿ ಕೇಳೀನಿ. ನಿಮಗ ಬಾಯಿಬಿಟ್ಟ ಹೇಳೂದು ಬ್ಯಾಡಲ್ಲ?"

ಐದೂ ಬೆರಳುಗಳನ್ನು ಒಟ್ಟಿಗೆ ಅಮುಕಿದರು. ಬೆರಳಿಗೆ ಹತ್ತರಂತೆ ಐವತ್ತು ಲಕ್ಷ.

ವೇದಾಂತನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಾಸಿಗಿಷ್ಟೆಂಬ ಕೂಲಿಗೆ ವರ್ಷಾನುಗಟ್ಟಲೆ ಪಾಠ ಹೇಳಿ ಹೇಳಿ ಅದೆಲ್ಲ ಎಲ್ಲೋ ಇಂಗಿಹೋಗಿತ್ತು. ಗೋಡೆಯ ಫ್ಯಾನು ಅತ್ತಿಂದಿತ್ತ ತಿರುಗುವುದನ್ನು ನೋಡುತ್ತ, ಈಗ ಎದ್ದು ಹೋಗಬೇಕು ಎಂದುಕೊಂಡ. ಅಷ್ಟರಲ್ಲಿ ಟವಲಿನ ಕೆಳಗೆ ಅವನ ಕೈ ತಾನಾಗಿಯೇ ಹೊರಳಿ, ಅಣ್ಣಾರಾಯರ ನಾಲ್ಕು ಬೆರಳು ಹಿಡಿದು ಮೆಲ್ಲಗೆ ಅಮುಕಿತು.